ಕೋಡ್ ಅಳಿಸುವ ಮೊದಲು: ಸರ್ವಿಸ್ ಅಡ್ವೈಸರ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಯಾವುದೋ ಒಂದು ಕಂಪನಿಯ ಒಬ್ಬ ಅಡ್ವೈಸರ್‌ಗೆ ಬರೆದದ್ದಲ್ಲ. ಬೆಳಿಗ್ಗೆ ಎಂಟೂವರೆಗೆಲ್ಲ ಟ್ಯಾಬ್ ಹಿಡಿದು, ಸಾಲಾಗಿ ನಿಂತ ಕಾರುಗಳ ಮಧ್ಯೆ ಓಡಾಡುತ್ತ, ಒಬ್ಬೊಬ್ಬರ ದೂರನ್ನೂ ಎರಡೆರಡು ನಿಮಿಷದಲ್ಲಿ ಬರೆದುಕೊಳ್ಳುವ ನಿಮ್ಮೆಲ್ಲರಿಗೂ ಇದು. ಜಾಬ್ ಕಾರ್ಡಿನಲ್ಲಿ ನೀವು ಬರೆಯುವ ಒಂದು ಸಾಲಿನ ಮೇಲೆ ಮುಂದಿನ ಎಲ್ಲ ಕೆಲಸ ನಿಂತಿರುತ್ತದೆ. ಒಳಗೆ ಬಾನೆಟ್ ಎತ್ತುವ ಹುಡುಗ ಗಾಡಿಯವರ ಮುಖ ನೋಡಿರುವುದಿಲ್ಲ, ಅವರ ಮಾತು ಕೇಳಿರುವುದಿಲ್ಲ. ಅವನಿಗೆ ಸಿಗುವುದು ನಿಮ್ಮ ಆ ಸಾಲು ಮಾತ್ರ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು ಅವರದು, ತಾವೇ ಓಡಿಸುತ್ತಾರೆ. ಮಗಳ ಮನೆ ಉಜಿರೆಯಲ್ಲಿರುವುದರಿಂದ ಚಾರ್ಮಾಡಿ ಘಾಟಿ ಅವರಿಗೆ ಆಗಾಗ ಓಡಾಡುವ ದಾರಿ. ಕಾರಿಗೆ ತೊಂದರೆ ಬಂದಾಗ ಅವರು ನಿಮ್ಮಂಥವರೊಬ್ಬರ ಮುಂದೆ ಹೇಳಿದ್ದು ಹೀಗೆ: “ಬೆಳಿಗ್ಗೆ ಏನೂ ತೊಂದರೆ ಇಲ್ಲಪ್ಪ. ಬಯಲಲ್ಲೂ ಇಲ್ಲ. ಉಜಿರೆಯಿಂದ ಬರ್ತಾ ಅರ್ಧ ಘಾಟಿ ಹತ್ತಿದ ಮೇಲೆ ಮೂರನೇ ಗೇರಲ್ಲಿ ಎಳೆಯೋದೇ ಇಲ್ಲ. ತಡವರಿಸುತ್ತೆ, ಹಳದಿ ದೀಪ ಮಿಣುಕ್ ಮಿಣುಕ್ ಅನ್ನುತ್ತೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಟೀ ಕುಡಿದು ಹೊರಟರೆ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತೆ.” ಜಾಬ್ ಕಾರ್ಡಿನಲ್ಲಿ ಮೂಡಿದ್ದು: “ಪಿಕಪ್ ಕಡಿಮೆ, ಮಿಸ್ಸಿಂಗ್. ಚೆಕ್ ಮಾಡಿ.”

ಟೀಚರ್ ಹೇಳಿದ್ದರಲ್ಲಿ ಅರ್ಧ ರೋಗನಿರ್ಣಯ ಮುಗಿದಿತ್ತು. ತಣ್ಣಗಿರುವಾಗ ಸರಿ, ಕಾದಾಗ ತಪ್ಪು. ಹಗುರ ಓಟದಲ್ಲಿ ಸರಿ, ಭಾರ ಬಿದ್ದಾಗ ತಪ್ಪು. ಇಪ್ಪತ್ತು ನಿಮಿಷ ತಣಿದರೆ ಮತ್ತೆ ಸರಿ. ಕೊಳೆಯಾದ ಏರ್ ಫಿಲ್ಟರ್ ಟೀ ಕುಡಿಯುವಷ್ಟರಲ್ಲಿ ಶುದ್ಧವಾಗುವುದಿಲ್ಲ. ಕಟ್ಟಿಕೊಂಡ ಇಂಜೆಕ್ಟರ್ ಕೊಟ್ಟಿಗೆಹಾರದ ಗಾಳಿಗೆ ಬಿಚ್ಚಿಕೊಳ್ಳುವುದಿಲ್ಲ. ಕಾದಾಗ ಸೋತು ತಣಿದಾಗ ಚೇತರಿಸಿಕೊಳ್ಳುವುದು ಹೆಚ್ಚಾಗಿ ವಿದ್ಯುತ್ತಿನ ಭಾಗ, ಅದರಲ್ಲೂ ಇಗ್ನಿಷನ್ ಕಾಯಿಲ್. ಅದರೊಳಗಿನ ಸಣ್ಣ ತಂತಿಯ ಸುತ್ತುಗಳ ನಿರೋಧಕ ಲೇಪ ಎಲ್ಲೋ ಸೀಳಿದ್ದರೆ ಬಿಸಿಯಲ್ಲಿ ಸೋರಿಕೆ ಹೆಚ್ಚುತ್ತದೆ. ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಪ್ಲಗ್ಗಿನ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಐಡಲಿಂಗಿನಲ್ಲಿ ಹೇಗೋ ಕೆಲಸ ಸಾಗಿಸುವ ಕಾಯಿಲ್ ಘಾಟಿಯಲ್ಲಿ ಕೈಚೆಲ್ಲುವುದು ಈ ಕಾರಣಕ್ಕೆ. ವರ್ಕ್‌ಶಾಪಿನ ಅಂಗಳದಲ್ಲಿ ತಣ್ಣಗಿನ ಎಂಜಿನ್ನನ್ನು ನಿಂತಲ್ಲೇ ರೇಸ್ ಮಾಡಿ ನೋಡಿದರೆ ಈ ದೋಷ ಕಾಣಿಸುವುದೇ ಇಲ್ಲ.

ಅವತ್ತು ಆ ಕಾರಿಗೆ ಮೂರು ಹೊಸ ಪ್ಲಗ್ ಬಿತ್ತು, ಏರ್ ಫಿಲ್ಟರ್ ಬದಲಾಯಿತು, ಥ್ರಾಟಲ್ ಬಾಡಿ ಕ್ಲೀನಿಂಗ್ ಆಯಿತು, ಇಂಜೆಕ್ಟರ್ ಕ್ಲೀನಿಂಗ್ ಆಯಿತು. ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದರು, ದೀಪ ಆರಿತು. ಯಾರೂ ಮೋಸ ಮಾಡಲಿಲ್ಲ, ಹಾಕಿದ ಸಾಮಾನೆಲ್ಲ ಅಸಲಿ. ಆದರೆ ಕಾರು ಮುಂದಿನ ಘಾಟಿಯಲ್ಲಿ ಮತ್ತೆ ತಡವರಿಸಿತು.

ಆ ಅಳಿಸುವ ಗುಂಡಿಯ ಬಗ್ಗೆಯೇ ನನ್ನ ದೊಡ್ಡ ತಕರಾರು. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಗಾಡಿಯ ಕಂಪ್ಯೂಟರ್ ಜೊತೆಯಲ್ಲೇ ಬರೆದಿಡುತ್ತದೆ. ಫ್ರೀಜ್ ಫ್ರೇಮ್ ಅಂತ ನೀವೇ ಕರೆಯುತ್ತೀರಿ. ಎಂಜಿನ್ನಿನ ಆರ್‌ಪಿಎಂ ಎಷ್ಟು, ಗಾಡಿಯ ವೇಗ ಎಷ್ಟು, ಎಂಜಿನ್ ಮೇಲೆ ಭಾರ ಶೇಕಡಾ ಎಷ್ಟು, ಕೂಲೆಂಟ್ ಎಷ್ಟು ಕಾದಿತ್ತು, ಪೆಟ್ರೋಲನ್ನು ಹೆಚ್ಚಿಸುತ್ತಿತ್ತೋ ತಗ್ಗಿಸುತ್ತಿತ್ತೋ, ಎಲ್ಲವೂ ಅಲ್ಲಿರುತ್ತವೆ. ಟೀಚರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಯಂತ್ರ ಅಂಕಿಯಲ್ಲಿ ಬರೆದಿಟ್ಟುಕೊಂಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ದರೆ ಸಾಕಿತ್ತು. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮೂ ಅಳಿಸಿಹೋಗುತ್ತದೆ, ಬ್ಯಾಟರಿ ತಂತಿ ಕಳಚಿದರೆ ಬಹಳ ಗಾಡಿಗಳಲ್ಲಿ ಅದೇ ಗತಿ. ಸಾಕ್ಷಿಯ ಹೇಳಿಕೆಯನ್ನು ಓದದೆ ಹರಿದುಹಾಕಿ ಆಮೇಲೆ ವಿಚಾರಣೆಗೆ ಕೂತಂತೆ ಇದು. ದಯವಿಟ್ಟು ಅಳಿಸುವ ಮುನ್ನ ಆ ಪುಟವನ್ನು ಪ್ರಿಂಟ್ ತೆಗೆಯಿರಿ, ಆಗದಿದ್ದರೆ ಫೋನಿನಲ್ಲಿ ಒಂದು ಫೋಟೊ ಹಿಡಿಯಿರಿ.

ಕಂಪ್ಯೂಟರಿಗೆ ಮಿಸ್‌ಫೈರ್ ಗೊತ್ತಾಗುವುದಾದರೂ ಹೇಗೆ ಎಂಬುದನ್ನು ನಿಮ್ಮ ಹೊಸ ಹುಡುಗರಿಗೆ ಯಾರಾದರೂ ಬಿಡಿಸಿ ಹೇಳುತ್ತಾರೋ ಇಲ್ಲವೋ. ಅದು ಕಿಡಿಯನ್ನು ನೋಡುವುದಿಲ್ಲ, ಬೆಂಕಿಯನ್ನು ನೋಡುವುದಿಲ್ಲ. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಹಲ್ಲುಗಳಿರುವ ಒಂದು ಚಕ್ರ, ಅದರ ಎದುರಿಗೊಂದು ಸೆನ್ಸರ್. ಅನೇಕ ಎಂಜಿನ್‌ಗಳಲ್ಲಿ 60 ಹಲ್ಲಿನ ಜಾಗದಲ್ಲಿ ಎರಡನ್ನು ಬೇಕೆಂದೇ ಬಿಟ್ಟು 58 ಹಲ್ಲು ಕಡೆದಿರುತ್ತಾರೆ, ಆ ಖಾಲಿ ಜಾಗವೇ ಎಣಿಕೆಯ ಗುರುತು. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ 240 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿದು ಅದನ್ನು ಮುಂದಕ್ಕೆ ತಳ್ಳಬೇಕು. ತಳ್ಳದಿದ್ದರೆ ಆ ಕ್ಷಣ ಚಕ್ರ ಒಂದಿಷ್ಟು ನಿಧಾನವಾಗುತ್ತದೆ. ಹಲ್ಲುಗಳ ನಡುವಿನ ಸಮಯ ಅಳೆದು, ನಿಧಾನವಾದದ್ದು ಯಾರ ಸರದಿಯಲ್ಲಿ ಎಂದು ಲೆಕ್ಕ ಹಾಕಿ, ಮೂರನೆಯದರ ಸರದಿಯಾಗಿದ್ದರೆ ಪಿ0303 ಅಂತ ಬರೆಯುತ್ತದೆ. ಒಂದನೆಯದಾದರೆ ಪಿ0301. ಯಾವುದೆಂದು ತೀರ್ಮಾನವಾಗದೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದ್ದರೆ ಪಿ0300. ಅದಕ್ಕೆ ಗೊತ್ತಿರುವುದು ಇಷ್ಟೇ. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬೀಳಲಿಲ್ಲವೋ, ವಾಲ್ವ್ ಸುಟ್ಟು ಕಂಪ್ರೆಷನ್ ಸೋರಿತೋ, ಅದು ಹೇಳಲಾರದು. ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೂ ಕ್ರ್ಯಾಂಕಿನ ಓಟ ಏರುಪೇರಾಗುವುದರಿಂದ ಅನೇಕ ಕಂಪನಿಗಳು ಎಬಿಎಸ್ ಸೆನ್ಸರಿನಿಂದ ರಸ್ತೆಯ ಒರಟುತನ ಅಳೆದು, ಅಂಥ ಹೊತ್ತಿನ ಎಣಿಕೆಯನ್ನು ಕೈಬಿಡುವ ವ್ಯವಸ್ಥೆ ಮಾಡಿವೆ. ಯಂತ್ರ ತಯಾರಿಸಿದವರೇ ಅದರ ಮಾತನ್ನು ಇಷ್ಟು ಅನುಮಾನಿಸಿ ನೋಡುತ್ತಾರೆ. ನಾವು ಪಿ0303 ಕಂಡ ಕೂಡಲೇ ಪ್ಲಗ್ಗಿಗೆ ಆರ್ಡರ್ ಹಾಕುತ್ತೇವೆ.

ಕಡೆಗೆ ಆ ಕಾರು ಮೂಡಿಗೆರೆ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಹೋಯಿತು. ಅಲ್ಲಿನ ಮೆಕ್ಯಾನಿಕ್ ಕೋಡ್ ಓದಿದರು, ಅಳಿಸಲಿಲ್ಲ. ಫ್ರೀಜ್ ಫ್ರೇಮಿನ ಅಂಕಿಗಳನ್ನು ಕೈಯಲ್ಲೇ ಒಂದು ಚೀಟಿಗೆ ಬರೆದುಕೊಂಡರು. ಟೀಚರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಏರುದಾರಿಯಲ್ಲಿ ಒಂದು ಸುತ್ತು ಓಡಿಸಿದರು. ಬಂದವರೇ ಮೂರನೇ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದರ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ ಮತ್ತೆ ಅದೇ ಏರು ಹತ್ತಿಸಿದರು. ಪಿ0303 ಹೋಗಿ ಪಿ0301 ಬಂತು. ತಪ್ಪು ಕಾಯಿಲಿನ ಜೊತೆಗೇ ನಡೆದುಕೊಂಡು ಹೋಗಿತ್ತು. ಈ ಪರೀಕ್ಷೆಗೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆ. ಕೋಡ್ ಜಾಗ ಬಿಟ್ಟು ಕದಲದಿದ್ದರೆ ಪ್ಲಗ್ಗನ್ನು ಅದಲುಬದಲು ಮಾಡುತ್ತಿದ್ದರು, ಆಮೇಲೆ ಇಂಜೆಕ್ಟರ್. ಅದಕ್ಕೂ ಕದಲದಿದ್ದರೆ ಕಂಪ್ರೆಷನ್ ಗೇಜ್. ಈ ಕ್ರಮದಲ್ಲಿ ಹೋದರೆ ಸಾಮಾನು ಕೊಳ್ಳುವುದು ಪರೀಕ್ಷೆ ಮುಗಿದ ಮೇಲೆ.

ಕಳಚಿದ ಪ್ಲಗ್ಗನ್ನು ಡಬ್ಬಕ್ಕೆ ಎಸೆಯುವ ಅಭ್ಯಾಸವನ್ನೂ ಬಿಡಿಸಬೇಕು. ತಿಳಿಗಂದು ಬಣ್ಣವಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಸಾಲದು. ಜಿಡ್ಡುಜಿಡ್ಡಾದ ಕಪ್ಪಿದ್ದರೆ ಆಯಿಲ್ ಒಳಗೆ ಬರುತ್ತಿದೆ. ತುದಿ ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ವಿಪರೀತ ಕಾಯುತ್ತಿದೆ, ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು. ಪ್ಲಗ್ ಕೂರುವ ಬಾವಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ, ಅದನ್ನು ಬಿಟ್ಟು ಕಾಯಿಲ್ ಬದಲಿಸಿದರೆ ಹೊಸ ಕಾಯಿಲಿನ ರಬ್ಬರೂ ಅದೇ ಆಯಿಲಿನಲ್ಲಿ ನೆನೆದು ಹಾಳಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದೇ ಬಾವಿಯಲ್ಲಿ ನೀರೂ ನಿಲ್ಲುವುದುಂಟು. ಇಲಿಯ ಮಾತು ಹೇಳಲೇಬೇಕು: ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಮೊದಲು ಟಾರ್ಚ್ ಹಿಡಿದು ಇಂಜೆಕ್ಟರಿನ ವೈರುಗಳನ್ನು ನೋಡಿ, ಸ್ಕ್ಯಾನರ್ ಆಮೇಲೆ.

ಒಂದೇ ಸಿಲಿಂಡರಿನದಲ್ಲದ ತೊಂದರೆಗೆ ಬೇರೆ ದಾರಿ ಹಿಡಿಯಬೇಕು. ಪಿ0300 ಬಂದು ಜೊತೆಗೆ ಪೆಟ್ರೋಲ್ ಸಾಲದೆಂಬ ಪಿ0171 ಕೂಡ ಬಂದಿದ್ದರೆ ಫ್ಯೂಯಲ್ ಟ್ರಿಮ್ ನೋಡಿ. ಕಂಪ್ಯೂಟರ್ ತಾನು ಅಂದಾಜಿಸಿದ್ದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಪೆಟ್ರೋಲ್ ಸುರಿಯಬೇಕಾಗಿದೆ ಎಂಬ ಲೆಕ್ಕ ಅದು. ಐಡಲಿಂಗಿನಲ್ಲಿ ಶೇ 20 ಇದ್ದು 2,500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದರೆ ಎಲ್ಲೋ ಪೈಪು ಬಿರುಕು ಬಿಟ್ಟು ಕಳ್ಳಗಾಳಿ ಒಳಬರುತ್ತಿದೆ. ಐಡಲಿಂಗಿನಲ್ಲಿ ಸರಿಯಿದ್ದು ವೇಗ ಹೆಚ್ಚಿದಂತೆ ಏರುತ್ತ ಹೋದರೆ ಫ್ಯೂಯಲ್ ಪಂಪ್ ಸೋಲುತ್ತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದೆ. ಒಂದೇ ಕೋಡ್, ಎರಡು ಬೇರೆ ಬೇರೆ ಕಾಯಿಲೆ. ಎರಡನ್ನೂ ಬಿಡಿಸಿ ತೋರಿಸುವುದು ಆಕ್ಸಿಲರೇಟರನ್ನು ಒಂದಿಷ್ಟು ಹೊತ್ತು ಒತ್ತಿಹಿಡಿದು ಪರದೆ ನೋಡುವ ತಾಳ್ಮೆ.

ಈಗ ಎಲ್ಲ ತಪ್ಪನ್ನೂ ಎಥೆನಾಲ್ ಮೇಲೆ ಹಾಕುವುದು ರೂಢಿಯಾಗಿದೆ. ಟೀಚರಿಗೂ ಎರಡನೇ ಸಲ ಹೋದಾಗ “ಪೆಟ್ರೋಲೇ ಹಾಗೆ ಬರ್ತಿದೆ ಮೇಡಂ” ಎಂಬ ಉತ್ತರ ಸಿಕ್ಕಿತ್ತು. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟು ಮಾತ್ರ, ಹಾಗಾಗಿ ಶೇ 20 ಬೆರೆತ ಇ20 ಇಂಧನದಲ್ಲಿ ಮೈಲೇಜ್ ತಗ್ಗುವುದು ನಿಜ. ಹಳೆಯ ಗಾಡಿಗಳ ರಬ್ಬರು, ಸೀಲುಗಳ ಬಗ್ಗೆ ಗಾಡಿಯವರಿಗಿರುವ ಆತಂಕವನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದರೆ ಟ್ರಿಮ್ ಏರುವುದು ಸುಮಾರು ಶೇ 4–5. ಪರದೆಯ ಮೇಲೆ ಶೇ 20 ಕಾಣುತ್ತಿದ್ದರೆ ಅದು ಎಥೆನಾಲಿನ ಕೆಲಸ ಅಲ್ಲ. ಮೂರರಲ್ಲಿ ಒಂದೇ ಸಿಲಿಂಡರ್ ತಪ್ಪುತ್ತಿದ್ದರಂತೂ ಖಂಡಿತ ಅಲ್ಲ, ಟ್ಯಾಂಕಿನ ಪೆಟ್ರೋಲ್ ಮೂರಕ್ಕೂ ಒಂದೇ.

ದೋಷವೇ ಇಲ್ಲದೆ ಶಕ್ತಿ ಕಡಿಮೆಯಾಗುವುದೂ ಉಂಟು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಅದು 91ರ ಆಸುಪಾಸು, ನಮ್ಮ ಚಿಕ್ಕಮಗಳೂರಿನಲ್ಲಿ ಇನ್ನೂ ತುಸು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಿಂದ ಇಲ್ಲಿಗೆ ಬಂದರೆ ಸುಮಾರು ಹತ್ತನೇ ಒಂದು ಭಾಗ ಬಲ ಕಳೆದುಕೊಳ್ಳುತ್ತದೆ, ಯಾವ ಸಾಮಾನು ಬದಲಿಸಿದರೂ ಅದು ಮರಳಿ ಬಾರದು. ನಿಮ್ಮ ಕೈಪಿಡಿಯಲ್ಲಿ ಬರೆದಿರುವ ಅಂಕಿ ಹೆಚ್ಚಾಗಿ ಸಮುದ್ರಮಟ್ಟದ್ದು. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಬೆಂಗಳೂರಿನ ಕಾರಿನಲ್ಲಿ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 91 ತೋರಿಸಿದರೆ ಸೆನ್ಸರ್ ಕೆಟ್ಟಿಲ್ಲ, ನಿಜ ಹೇಳುತ್ತಿದೆ. 101 ತೋರಿಸಿದರೆ ಅನುಮಾನಿಸಿ. ಇಂಥ ಅಂಕಿಗಳನ್ನು ಆಯಾ ಊರಿನ ವರ್ಕ್‌ಶಾಪಿನ ಗೋಡೆಯ ಮೇಲೆ ಬರೆದು ತೂಗುಹಾಕಬೇಕೆಂಬುದು ನನ್ನ ಬಹುದಿನದ ಆಸೆ.

ಮಿಣುಕುವ ದೀಪದ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ಟೀಚರಿಗೆ ದೊಡ್ಡ ನಷ್ಟವಾದದ್ದು ಅಲ್ಲಿ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಆದಷ್ಟು ಬೇಗ ತೋರಿಸಿ ಎಂದು ಅರ್ಥ. ಮಿಣುಕುತ್ತಿದ್ದರೆ, ಬಹುತೇಕ ಕಾರುಗಳಲ್ಲಿ, ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಮಟ್ಟದ ಮಿಸ್‌ಫೈರ್ ಈ ಕ್ಷಣ ನಡೆಯುತ್ತಿದೆ ಎಂದು. ಕಿಡಿ ಬಾರದ ಸಿಲಿಂಡರಿನಿಂದ ಉರಿಯದ ಪೆಟ್ರೋಲೂ ಉಪಯೋಗವಾಗದ ಗಾಳಿಯೂ ಹಾಗೇ ಸೈಲೆನ್ಸರಿನ ದಾರಿ ಹಿಡಿಯುತ್ತವೆ. ದಾರಿಯಲ್ಲಿ ಕೆಂಪಗೆ ಕಾದ ಕನ್ವರ್ಟರ್ ಇದೆ. ಅಲ್ಲಿ ಎರಡೂ ಸೇರಿ ಉರಿಯುತ್ತವೆ. ಜೇನುಗೂಡಿನಂಥ ತೂತುಗಳಿರುವ ಒಳಗಿನ ಪಿಂಗಾಣಿ, ಅದಕ್ಕೆ ಬಳಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಲ್ಲವೂ ಆ ಶಾಖಕ್ಕೆ ಸಿಕ್ಕಿ ಹಾಳಾಗುತ್ತವೆ. ಪಿಂಗಾಣಿ ಕರಗಿ ಮುದ್ದೆಗಟ್ಟಿದರೆ ಹೊಗೆ ಹೋಗಲು ದಾರಿಯಿಲ್ಲ. ಹೊಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗವಿಲ್ಲ. ಆಗ ಶುರುವಾಗುವುದು ಎರಡನೇ ರೋಗ: ಮಿಸ್ಸಿಂಗ್ ಇರುವುದಿಲ್ಲ, ಆದರೆ ಎಷ್ಟು ತುಳಿದರೂ ಗಾಡಿ ಏಳುವುದಿಲ್ಲ. ವ್ಯಾಕ್ಯೂಮ್ ಗೇಜ್ ಹಾಕಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಮುಳ್ಳು ಮೆಲ್ಲಗೆ ಇಳಿಯುತ್ತ ಹೋಗುವುದು ಇದರ ಗುರುತು.

ಕಾಯಿಲ್ ಬದಲಾದ ಮೇಲೂ ಅವರ ಕಾರಿಗೆ ಹಿಂದಿನ ಓಟ ಬಾರದಿದ್ದದ್ದು ಇದರಿಂದ. ಒಂದು ಕಾಯಿಲಿಗೆ ಕೆಲವು ಸಾವಿರ ರೂಪಾಯಿ. ಕನ್ವರ್ಟರಿನ ಬೆಲೆ ಅದರ ಎಷ್ಟೋ ಪಟ್ಟು. ಮೊದಲ ದಿನ ಅವರು ದೀಪ ಮಿಣುಕುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದರು, ಆ ಪದ ಜಾಬ್ ಕಾರ್ಡಿಗೆ ಬರಲಿಲ್ಲ. ದೀಪ ಮಿಣುಕಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸಾಧ್ಯವಾದರೆ ಬದಿಗೆ ನಿಲ್ಲಿಸಿ ಫೋನ್ ಮಾಡಿ ಎಂದು ಅವರಿಗೆ ಯಾರೂ ಹೇಳಲೂ ಇಲ್ಲ. ಕಾರು ಕೊಡುವ ದಿನ ಬ್ಲೂಟೂತ್ ಜೋಡಿಸುವುದು ಹೇಗೆಂದು ಅಷ್ಟು ಪ್ರೀತಿಯಿಂದ ಕಲಿಸುತ್ತೀರಿ. ಈ ಒಂದು ಮಾತನ್ನೂ ಅದರ ಜೊತೆಗೆ ಕಲಿಸಿ.

ಕನ್ವರ್ಟರ್ ಸುಡುವ ಇದೇ ಕಾರಣಕ್ಕೆ, ಓಡುವ ಎಂಜಿನ್ನಿನಲ್ಲಿ ಕಾಯಿಲಿನ ಕನೆಕ್ಟರ್ ಒಂದೊಂದಾಗಿ ಕೀಳುತ್ತ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವ ಹಳೆಯ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಕಿಡಿ ತಪ್ಪಿಸಿ ಪೆಟ್ರೋಲ್ ಬಿಡುತ್ತಿದ್ದರೆ ಅದು ಹೋಗಿ ಬೀಳುವುದು ಕನ್ವರ್ಟರಿಗೆ. ಇಂಜೆಕ್ಟರಿನ ಕನೆಕ್ಟರ್ ಕಿತ್ತರೆ ಅದೇ ಪರೀಕ್ಷೆ, ಹಾನಿಯಿಲ್ಲದೆ.

ಸಿಎನ್‌ಜಿ ಗಾಡಿಗಳಿಗೆ ಒಂದು ಮಾತು. ಗ್ಯಾಸಿನಲ್ಲಿ ಮಿಸ್ಸಿಂಗ್, ಪೆಟ್ರೋಲಿನಲ್ಲಿ ಸರಿ ಎಂದು ಗಾಡಿಯವರು ಹೇಳಿದರೆ ಅದನ್ನು ಹಾಗೇ ಬರೆಯಿರಿ. ಗ್ಯಾಸ್ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು, ಸವೆದ ಪ್ಲಗ್ ಮತ್ತು ಬಳಲಿದ ಕಾಯಿಲ್ ಮೊದಲು ಅಲ್ಲಿ ಕೈಕೊಡುತ್ತವೆ. ಎರಡರಲ್ಲೂ ಐಡಲಿಂಗಿನಲ್ಲೇ ನಡುಗಿದರೆ ಟ್ಯಾಪೆಟ್ ಸಂದಿ ಅಳೆಯಿರಿ. ಒಣ ಇಂಧನದಲ್ಲಿ ವಾಲ್ವ್ ಸೀಟು ಬೇಗ ಸವೆದು ವಾಲ್ವ್ ಪೂರ್ತಿ ಮುಚ್ಚದಂತಾಗುತ್ತದೆ. ಕಂಪ್ರೆಷನ್ ನೋಡುವಾಗ ಒಂದು ಸಿಲಿಂಡರ್ ಉಳಿದವಕ್ಕಿಂತ ತೀರ ತಗ್ಗಿದ್ದರೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಡೀಸೆಲ್ ಗಾಡಿಯ ಕಥೆಯೇ ಬೇರೆ, ಅಲ್ಲಿ ಟರ್ಬೊ ಪೈಪು, ಇಜಿಆರ್, ಡಿಪಿಎಫ್ ಎಂದು ಇನ್ನೊಂದು ಪತ್ರಕ್ಕಾಗುವಷ್ಟಿದೆ.

ನಿಮ್ಮ ಕಷ್ಟ ನನಗೆ ಅರ್ಥವಾಗದ್ದಲ್ಲ. ದಿನಕ್ಕೆ ಇಷ್ಟು ಕಾರು, ತಿಂಗಳಿಗೆ ಇಷ್ಟು ಬಿಲ್ಲು ಎಂಬ ಟಾರ್ಗೆಟ್ ನಿಮ್ಮ ತಲೆಯ ಮೇಲಿದೆ. ಬಿಲ್ಲಿನಲ್ಲಿ ಸಾಮಾನಿಗೆ ಒಂದು ಕಾಲಂ, ಬಿಚ್ಚಿ ಜೋಡಿಸಿದ್ದಕ್ಕೆ ಇನ್ನೊಂದು. ನೋಡಿದ್ದಕ್ಕೆ, ಅಳೆದದ್ದಕ್ಕೆ, ಯೋಚಿಸಿದ್ದಕ್ಕೆ ಕಾಲಂ ಇಲ್ಲ. ಒಂದು ಗಂಟೆ ಕೂತು ಟ್ರಿಮ್ ಓದಿ, ಏರು ಹತ್ತಿಸಿ, ಕಾಯಿಲ್ ಅದಲುಬದಲು ಮಾಡಿ ನಿಜವಾದ ಕಾರಣ ಹಿಡಿದ ಹುಡುಗನ ಖಾತೆಗೆ ಒಂದು ಕಾಯಿಲಿನ ಬಿಲ್ಲು ಮಾತ್ರ ಬೀಳುತ್ತದೆ. ಕಣ್ಣುಮುಚ್ಚಿ ನಾಲ್ಕು ಕ್ಲೀನಿಂಗ್ ಮಾಡಿದವನ ಖಾತೆಯಲ್ಲಿ ಅದಕ್ಕಿಂತ ಹೆಚ್ಚು ಕಾಣುತ್ತದೆ. ಹೀಗಿರುವಾಗ ಜಾಣ ಹುಡುಗನೂ ಎಷ್ಟು ದಿನ ಅಳೆಯುತ್ತ ಕೂತಾನು?

ಇದರಲ್ಲಿ ಗ್ರಾಹಕರ ಪಾಲೂ ಇದೆ. “ಬರೀ ನೋಡೋಕೆ ದುಡ್ಡಾ?” ಎಂದು ಕೌಂಟರಿನಲ್ಲಿ ಜೋರು ಮಾಡುವವರು ನಾಲ್ಕು ಪಟ್ಟು ಬೆಲೆಯ ಸಾಮಾನಿಗೆ ತುಟಿಪಿಟಕ್ಕೆನ್ನದೆ ಕಾರ್ಡ್ ಉಜ್ಜುತ್ತಾರೆ. ಅವರಿಗೂ ಇದೇ ಪತ್ರದಲ್ಲಿ ಕೇಳಿಕೊಳ್ಳುತ್ತೇನೆ: ಪರೀಕ್ಷೆಗೆ ದುಡ್ಡು ಕೊಡಿ. ಗಾಡಿ ತಣ್ಣಗಿತ್ತೋ ಕಾದಿತ್ತೋ, ಏರೋ ಬಯಲೋ, ಎಷ್ಟನೇ ಗೇರು, ಎಸಿ ಇತ್ತೋ ಇಲ್ಲವೋ, ದೀಪ ಉರಿಯಿತೋ ಮಿಣುಕಿತೋ, ಹಿಂದಿನ ದಿನ ಎಲ್ಲಿ ಪೆಟ್ರೋಲ್ ಹಾಕಿಸಿದಿರಿ, ಇಷ್ಟನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದು ತನ್ನಿ.

ನೀವು ಆ ಚೀಟಿಯನ್ನು ಜಾಬ್ ಕಾರ್ಡಿಗೆ ಲಗತ್ತಿಸಿ ಒಳಗೆ ಕಳಿಸಿ. ನಿಮ್ಮ ಮ್ಯಾನೇಜರ್ ಜೊತೆ ಕೂತು ಬಿಲ್ಲಿನಲ್ಲಿ ‘ರೋಗನಿರ್ಣಯ’ ಎಂಬ ಒಂದು ಸಾಲು ಸೇರಿಸಿ, ಅದಕ್ಕೊಂದು ನ್ಯಾಯವಾದ ದರ ಬೋರ್ಡಿನ ಮೇಲೆ ಬರೆಯಿರಿ, ಆ ಹಣದಲ್ಲಿ ಒಂದು ಪಾಲು ಕಾರಣ ಕಂಡುಹಿಡಿದ ಹುಡುಗನಿಗೆ ಹೋಗಲಿ. ಗಾಡಿ ಮರಳಿಸುವಾಗ ತೆಗೆದ ಸಾಮಾನಿನ ಜೊತೆ ಫ್ರೀಜ್ ಫ್ರೇಮಿನ ಪ್ರಿಂಟನ್ನೂ, ಯಾವ ಪರೀಕ್ಷೆ ಮಾಡಿ ಏನು ಕಂಡಿತು ಎಂಬ ಎರಡು ಸಾಲನ್ನೂ ಬಿಲ್ಲಿಗೆ ಪಿನ್ ಮಾಡಿ ಕೊಡಿ. ನಾಳೆ ಬೇರೆ ಯಾವುದೋ ಊರಿನಲ್ಲಿ ಗಾಡಿ ನಿಂತರೆ ಅಲ್ಲಿನ ಮೆಕ್ಯಾನಿಕ್ ಮೊದಲು ಕೇಳುವುದು ಆ ಹಾಳೆಯನ್ನೇ.

ಇಂತಿ,
ಘಾಟಿ ದಾರಿಯ ಒಬ್ಬ ಗ್ರಾಹಕ
ಚಿಕ್ಕಮಗಳೂರು